ವಿಮಾನಕ್ಕೆ ಪೈಲಟ್ ಬೇಡ, ವಾರ್ಡಿಗೆ ಮಾತ್ರ ಅದೇ ಒರೆಸೋ ಬಟ್ಟೆ



2024ರ ಜೂನ್ 23, ಭಾನುವಾರ ಬೆಳಗ್ಗೆ. ಚಳ್ಳಕೆರೆ ತಾಲ್ಲೂಕಿನ ಆಕಾಶದಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಒಂದು ಪುಟ್ಟ ವಿಮಾನವನ್ನ ಹೊಟ್ಟೆ ಕೆಳಗೆ ಕಟ್ಟಿಕೊಂಡು ಮೇಲೇರಿತು. ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೋಗಿ ಕೈಬಿಟ್ಟುಬಿಟ್ಟಿತು. ಒಳಗೆ ಪೈಲಟ್ ಇಲ್ಲ. ರನ್‌ವೇ ನೇರಕ್ಕೂ ಬಿಟ್ಟಿರಲಿಲ್ಲ, ಬೇಕಂತಲೇ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು. ಗಾಳಿ ಬೇರೆ ಜೋರು. ಆ ಇಸ್ರೋ ವಿಮಾನ, ಅದರ ಹೆಸರು ಪುಷ್ಪಕ್, ತಾನೇ ದಾರಿ ತಿದ್ದಿಕೊಂಡು, ತಾನೇ ರನ್‌ವೇ ಹುಡುಕಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಬಂದು ಇಳಿದು ನಿಂತಿತು. ಮೂರನೇ ಸಲ. ಮೊದಲನೇದು 2023ರ ಏಪ್ರಿಲ್ 2ಕ್ಕೆ, ಎರಡನೇದು 2024ರ ಮಾರ್ಚ್ 22ಕ್ಕೆ. ಅದಕ್ಕೂ ಮುಂಚೆ, 2022ರ ಜುಲೈ 1ಕ್ಕೆ, ಡಿಆರ್‌ಡಿಒದವರು ಇದೇ ಜಾಗದಲ್ಲಿ ಇನ್ನೊಂದು ಮಾನವರಹಿತ ವಿಮಾನವನ್ನ ಹಾರಿಸಿದ್ದರು. ಏರಿದ್ದೂ ಅದೇ, ದಾರಿ ಹಿಡಿದಿದ್ದೂ ಅದೇ, ಇಳಿದಿದ್ದೂ ಅದೇ.

ನಾವು ಬ್ರೇಕಿಂಗ್ ನ್ಯೂಸ್ ಹಾಕಿದೆವು. ಕೆಂಪು ಪಟ್ಟಿ, ದೊಡ್ಡ ಅಕ್ಷರ. ಹಾಕಬೇಕಾದ್ದೇ. ನಾನು ಎಂಜಿನಿಯರಿಂಗ್ ಓದಿದವನು, ಎಲೆಕ್ಟ್ರಾನಿಕ್ಸ್. ಇಂಥ ಸುದ್ದಿ ಓದುವಾಗ ನನಗೆ ಒಳಗೊಳಗೇ ಪುಳಕ ಆಗುತ್ತೆ, ಅದನ್ನ ಮುಚ್ಚಿಡೋದಿಲ್ಲ.

ಈಗ ಅಲ್ಲಿಂದ ಒಂದು ಬಸ್ ಹತ್ತಿ. ಚಳ್ಳಕೆರೆ ಪೇಟೆಗೆ ಬನ್ನಿ. ಶೇಂಗಾ, ಎಣ್ಣೆ ಮಿಲ್ಲು, ಕಂಬಳಿ ಸಂತೆಯ ಊರು. ಅಲ್ಲಿಂದ ಉತ್ತರಕ್ಕೆ ಹೊರಟರೆ ರೇಷ್ಮೆ ಸೀರೆಯ ಮೊಳಕಾಲ್ಮೂರು. ಎರಡು ಸಾವಿರ ವರ್ಷಕ್ಕೂ ಹಿಂದೆ ಅಶೋಕನ ಶಾಸನ ಕೆತ್ತಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಲ್ಲ ಇದೇ ತಾಲ್ಲೂಕು. ಆಚೆ ಕಡೆ ಆಂಧ್ರದ ರಾಯದುರ್ಗ. ಈ ಎರಡು ತಾಲ್ಲೂಕಿನ ಜನಕ್ಕೆ ಕಾಯಿಲೆ ಬಂದರೆ ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗಲ್ಲ ಅಂದರೆ ಇತ್ತ ಚಿತ್ರದುರ್ಗ, ಅತ್ತ ಬಳ್ಳಾರಿ. ಇವತ್ತಿನ ನನ್ನ ಪ್ರಶ್ನೆ ಇಷ್ಟೇ: ಪೈಲಟ್ ಇಲ್ಲದೆ ವಿಮಾನ ಇಳಿಸೋ ಬುದ್ಧಿವಂತಿಕೆ ಇರುವ ಈ ನೆಲದಲ್ಲಿ, ಒಬ್ಬ ರೋಗಿಯ ಸೋಂಕು ಪಕ್ಕದ ಹಾಸಿಗೆಗೆ ಹೋಗದ ಹಾಗೆ ನೋಡಿಕೊಳ್ಳೋಕೆ ಆ ಬುದ್ಧಿವಂತಿಕೆಯ ಒಂದು ಚೂರಾದರೂ ಬಳಕೆ ಆಗಬಾರದಾ?

ರೋಬೋಟಾ? ತಾಲ್ಲೂಕು ಆಸ್ಪತ್ರೆಗಾ? ನಗಬೇಡಿ. ಸ್ವಲ್ಪ ಹಿಂದಕ್ಕೆ ಹೋಗೋಣ.

2020. ಮಾರ್ಚ್ ತಿಂಗಳು. ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು, ದೇಶದಲ್ಲೇ ಕೋವಿಡ್‌ನ ಮೊದಲ ಸಾವು ಅದು. ಕೆಲವೇ ದಿನಗಳಲ್ಲಿ ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೇ ಸೋಂಕು ದೃಢವಾಯಿತು. ಆವತ್ತು ಇಡೀ ರಾಜ್ಯಕ್ಕೆ ಒಂದು ವಿಷಯ ಅರ್ಥವಾಯಿತು. ರೋಗಿಯ ಹತ್ತಿರ ಹೋಗದೆ ಚಿಕಿತ್ಸೆ ಇಲ್ಲ, ಹತ್ತಿರ ಹೋದರೆ ಸೋಂಕು. ಈ ಮಧ್ಯದ ಜಾಗದಲ್ಲಿ ಒಂದು ಯಂತ್ರ ನಿಲ್ಲಿಸಬಹುದಾ ಅಂತ ಜಗತ್ತೆಲ್ಲ ಯೋಚಿಸಿದ್ದು ಆಗಲೇ.

ಅಮೆರಿಕದ ಮೊದಲ ಕೋವಿಡ್ ರೋಗಿಯನ್ನ ಅದೇ ವರ್ಷದ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಎವರೆಟ್ ಎಂಬ ಊರಲ್ಲಿ ಸೇರಿಸಿಕೊಂಡಾಗ, ವೈದ್ಯರು ಕೋಣೆಯ ಹೊರಗೆ ಕೂತು, ಒಳಗಿದ್ದ ರೋಬೋಟಿನ ಕ್ಯಾಮೆರಾ ಮತ್ತು ಸ್ಟೆತಸ್ಕೋಪ್ ಮೂಲಕ ಅವರನ್ನ ನೋಡಿಕೊಂಡರು. ಇಟಲಿಯ ವಾರೇಸೆ ಆಸ್ಪತ್ರೆಯಲ್ಲಿ ಮಕ್ಕಳ ಎತ್ತರದ ರೋಬೋಟುಗಳು ಹಾಸಿಗೆ ಪಕ್ಕ ನಿಂತು ಮಾನಿಟರ್ ಕಾಯುತ್ತಿದ್ದವು. ಒಂದಕ್ಕೆ ಟಾಮಿ ಅಂತ ಹೆಸರು, ವೈದ್ಯರೊಬ್ಬರ ಮಗನ ಹೆಸರು ಅದು. ನಮ್ಮ ಪಕ್ಕದ ಕೇರಳದ ಕಳಮಶ್ಶೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಕರ್ಮಿ ಬಾಟ್ ಅನ್ನೋದು ಬಂತು. ಊಟ, ಮಾತ್ರೆ ಹೊತ್ತುಕೊಂಡು ಐಸೊಲೇಷನ್ ವಾರ್ಡಿಗೆ ಹೋಗಿ ಬರೋದು ಅದರ ಕೆಲಸ, 25 ಕಿಲೋ ಹೊರುತ್ತೆ. ಜೈಪುರದ ಎಸ್‌ಎಂಎಸ್ ಆಸ್ಪತ್ರೆಯಲ್ಲೂ ಇಂಥದ್ದೇ ಪ್ರಯೋಗ ಆಯಿತು.

ನಮ್ಮ ಬೆಂಗಳೂರಲ್ಲಿ? ಬನ್ನೇರುಘಟ್ಟ ರಸ್ತೆಯ ಫೋರ್ಟಿಸ್ ಆಸ್ಪತ್ರೆ ಬಾಗಿಲಲ್ಲಿ 2020ರ ಏಪ್ರಿಲ್ ಕೊನೆಗೆ ಮಿತ್ರ ನಿಂತಿತು. ಇದು ಬೆಂಗಳೂರಿನ ಇನ್ವೆಂಟೋ ರೊಬೊಟಿಕ್ಸ್ ಮಾಡಿದ್ದು. ನಿಮಗೆ ನೆನಪಿರಬಹುದು, 2017ರಲ್ಲಿ ಹೈದರಾಬಾದಿನಲ್ಲಿ ಪ್ರಧಾನಿ ಮೋದಿ ಮತ್ತು ಇವಾಂಕಾ ಟ್ರಂಪ್ ಗುಂಡಿ ಒತ್ತಿ ಸ್ವಾಗತ ಮಾಡಿಸಿಕೊಂಡಿದ್ದು ಇದರ ಹತ್ತಿರವೇ. ಆಸ್ಪತ್ರೆಯಲ್ಲಿ ಅದು ಬಂದವರ ಜ್ವರ ನೋಡಿ, ಕೆಮ್ಮು ಇದೆಯಾ ಅಂತ ಕೇಳಿ, ಎಲ್ಲ ಸರಿ ಇದ್ದರೆ ಫೋಟೋ ಇರುವ ಪಾಸು ಮುದ್ರಿಸಿ ಕೊಡುತ್ತಿತ್ತು. ಅನುಮಾನ ಬಂದರೆ ಇನ್ನೊಂದು ರೋಬೋಟಿನ ಮೂಲಕ ವೈದ್ಯರ ಜೊತೆ ವಿಡಿಯೋದಲ್ಲಿ ಮಾತು.

ಇದರಲ್ಲಿ ನನಗೆ ಒಂದು ತಕರಾರಿದೆ. ಜ್ವರ ಇದ್ದವರನ್ನ ಹಿಡಿಯಬಹುದು, ಜ್ವರವೇ ಇಲ್ಲದೆ ವೈರಸ್ ಹೊತ್ತು ಬಂದವರನ್ನ ಕ್ಯಾಮೆರಾ ಹೇಗೆ ಹಿಡಿಯುತ್ತೆ? ಬಾಗಿಲಲ್ಲಿ ನಿಂತು ನಮಸ್ಕಾರ ಹೇಳೋ ರೋಬೋಟು ಟಿವಿಗೆ ಚೆಂದ. ನಮಗೆ ವಿಶುವಲ್ಸ್ ಸಿಗುತ್ತೆ. ಸೋಂಕು ಹರಡೋದು ಮಾತ್ರ ಬಾಗಿಲಿಗಿಂತ ಜಾಸ್ತಿ ಒಳಗಡೆ.

ಒಳಗಡೆ ಅಂದರೆ ಎಲ್ಲಿ? ಮಂಚದ ಕಂಬಿ. ಡ್ರಿಪ್ ಸ್ಟ್ಯಾಂಡು. ಬಾಗಿಲ ಚಿಲಕ. ಕಕ್ಕಸಿನ ನಲ್ಲಿ. ಅದಕ್ಕಿಂತ ಹೆಚ್ಚಾಗಿ, ಒಬ್ಬ ರೋಗಿಯನ್ನ ಮುಟ್ಟಿ ಇನ್ನೊಬ್ಬ ರೋಗಿಯನ್ನ ಮುಟ್ಟೋ ಕೈ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಲೆಕ್ಕ ಕೇಳಿ: ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆಗೆ ದಾಖಲಾದ 100 ರೋಗಿಗಳಲ್ಲಿ 7 ಜನರಿಗೆ ಆಸ್ಪತ್ರೆಯಲ್ಲೇ ಏನಾದರೊಂದು ಸೋಂಕು ತಗಲುತ್ತೆ. ನಮ್ಮಂಥ ದೇಶಗಳಲ್ಲಿ 15 ಜನರಿಗೆ. ನೂರು ಹಾಸಿಗೆಯ ತಾಲ್ಲೂಕು ಆಸ್ಪತ್ರೆ ಅಂತ ಇಟ್ಟುಕೊಳ್ಳಿ. ತುಂಬಿದ್ದರೆ ಹದಿನೈದು ಜನ, ತಂದ ಕಾಯಿಲೆ ಜೊತೆ ಇನ್ನೊಂದನ್ನ ಪಡಕೊಳ್ಳೋರು.

ಇದು ನಮ್ಮ ಮನೆಗೂ ಬಂದಿದೆ. ನಮ್ಮ ದೊಡ್ಡಮ್ಮನಿಗೆ ಹರ್ನಿಯಾ ಆಪರೇಷನ್ ಆಯಿತು. ಯಾವ ಆಸ್ಪತ್ರೆ ಅಂತ ಹೇಳಲ್ಲ, ಬೇಡ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಐದನೇ ದಿನ ಹೊಲಿಗೆ ಹತ್ತಿರ ಕೀವು. ಮೂರು ದಿನಕ್ಕೆ ಮನೆಗೆ ಅಂದಿದ್ದು ಹದಿನೆಂಟು ದಿನ ಆಯಿತು. ಆ್ಯಂಟಿಬಯೋಟಿಕ್ ಬದಲಿಸಿದರು, ಮತ್ತೆ ಬದಲಿಸಿದರು. ಎಲ್ಲಿಂದ ಬಂತು ಸೋಂಕು ಅಂದರೆ ಯಾರೂ ಕೈ ಇಟ್ಟು ತೋರಿಸೋಕೆ ಆಗಲ್ಲ, ವೈದ್ಯರೂ ಹಾಗೇ ಅಂದರು, ಅದು ನಿಜ ಕೂಡ. ನಾನು ರಾತ್ರಿ ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಬೆಳಗಿನ ಜಾವ ಒಬ್ಬ ಆಯಾ ಬರೋರು. ಒಂದು ಬಕೆಟ್, ಒಂದು ಬಟ್ಟೆ. ಆ ತುದಿಯ ಹಾಸಿಗೆಯಿಂದ ಈ ತುದಿಯ ಹಾಸಿಗೆವರೆಗೆ ಅದೇ ನೀರು, ಅದೇ ಬಟ್ಟೆ.

“ಏನಮ್ಮಾ, ಎಲ್ಲಾ ಹಾಸಿಗೆಗೂ ಒಂದೇ ಬಟ್ಟೆನಾ?” ಅಂದೆ.

“ಕೊಟ್ಟಿರೋದೇ ಒಂದು ಸಾರ್. ಇನ್ನೊಂದು ಕೊಡಿಸಿ, ಬದಲಾಯಿಸ್ತೀನಿ” ಅಂದರು. ಆಮೇಲೆ ಬಕೆಟ್ ಎತ್ತಿಕೊಳ್ಳುತ್ತಾ, “ನಮಗೂ ಮನೇಲಿ ಮಕ್ಕಳಿದಾವೆ. ಕೈಗೆ ಗ್ಲೌಸೂ ಇಲ್ಲ ನೋಡಿ” ಅಂತ ಎರಡೂ ಕೈ ತೋರಿಸಿದರು.

ಹೊರಗುತ್ತಿಗೆ ಕೆಲಸ. ಎರಡು ತಿಂಗಳಿಂದ ಸಂಬಳ ಆಗಿಲ್ಲ ಅಂದರು. ಆ ಕೈ ನೋಡಿದ ಮೇಲೆ ನನಗೆ ರೋಬೋಟಿನ ವಿಷಯ ಬರೀ ರೋಗಿಗಳ ವಿಷಯ ಅಂತ ಅನ್ನಿಸಲೇ ಇಲ್ಲ. ಆಸ್ಪತ್ರೆಯ ಕಸ, ಸೂಜಿ, ರಕ್ತದ ಬಟ್ಟೆ ಎಲ್ಲ ಮೊದಲು ಮುಟ್ಟೋದು ಈ ಕೈ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ಅಂತ ಚೀಲ, ಡಬ್ಬಿಗಳ ಬಣ್ಣವೆಲ್ಲ ಬರೆದಿದೆ. ಆ ಚೀಲ ಎತ್ತಿಕೊಂಡು ವಾರ್ಡಿನಿಂದ ಹಿತ್ತಲಿಗೆ ನಡೆಯೋರು ಮನುಷ್ಯರೇ.

ಸರಿ, ಯಂತ್ರ ಏನು ಮಾಡಬಲ್ಲದು? ಈಗ ಸ್ವಲ್ಪ ಎಂಜಿನಿಯರ್ ಮಾತು, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಜಾತಿಯ ರೋಬೋಟು ಇದೆ, ನೆಟ್ಟಗೆ ನಿಂತ ಟ್ಯೂಬ್‌ಲೈಟುಗಳ ಗೊಂಚಲಿಗೆ ಚಕ್ರ ಹಾಕಿದ ಹಾಗೆ ಇರುತ್ತೆ. ಡೆನ್ಮಾರ್ಕಿನ ಯುವಿಡಿ ರೋಬೋಟ್ಸ್ ಕಂಪನಿಯದ್ದು ಪ್ರಸಿದ್ಧ, 2020ರಲ್ಲಿ ಚೀನಾದ ಆಸ್ಪತ್ರೆಗಳಿಗೆ ಹೋಗಿದ್ದು ಅದೇ. ಆ ಟ್ಯೂಬಿನಿಂದ ಬರೋದು ಅಲ್ಟ್ರಾವಯೊಲೆಟ್ ಸಿ, 254 ನ್ಯಾನೋಮೀಟರ್ ಆಸುಪಾಸಿನ ಬೆಳಕು. ಬಿಸಿಲಲ್ಲೂ ಈ ಯುವಿ-ಸಿ ಇದೆ, ಆದರೆ ವಾತಾವರಣ ಅದನ್ನ ಮೇಲೇ ತಡೆದುಬಿಡುತ್ತೆ, ನೆಲಕ್ಕೆ ಬರಲ್ಲ. ಹಾಗಾಗಿ ಭೂಮಿ ಮೇಲಿನ ಕ್ರಿಮಿಗಳಿಗೆ ಇದರ ಅಭ್ಯಾಸವೇ ಇಲ್ಲ. ಇದು ಬಿದ್ದರೆ ಬ್ಯಾಕ್ಟೀರಿಯಾ, ವೈರಸ್‌ಗಳ ಡಿಎನ್‌ಎ, ಆರ್‌ಎನ್‌ಎ ಕೆಡುತ್ತೆ. ಕೆಟ್ಟ ಮೇಲೆ ಅವು ಮರಿ ಹಾಕೋಕೆ ಆಗಲ್ಲ. ಮನುಷ್ಯರ ಕಣ್ಣು, ಚರ್ಮಕ್ಕೂ ಅಪಾಯ, ಅದಕ್ಕೇ ಕೋಣೆಯಲ್ಲಿ ಯಾರೂ ಇರಬಾರದು, ಅದಕ್ಕೇ ರೋಬೋಟು. ಸುತ್ತ ಲೇಸರ್ ಹಾಯಿಸಿ ಗೋಡೆ ಎಲ್ಲಿದೆ, ಮಂಚ ಎಲ್ಲಿದೆ ಅಂತ ತಾನೇ ನಕ್ಷೆ ಬರೆದುಕೊಂಡು ಸುತ್ತುತ್ತೆ. ತಾನೆಲ್ಲಿದ್ದೇನೆ, ಎಲ್ಲಿಗೆ ಹೋಗಬೇಕು, ನಡುವೆ ಏನಿದೆ. ಪುಷ್ಪಕ್ ಆಕಾಶದಲ್ಲಿ ಬಿಡಿಸಿದ್ದೂ ಇದೇ ಮೂರು ಲೆಕ್ಕ. ವಾರ್ಡಿನಲ್ಲಿ ಬಿಡಿಸೋದು ಎಷ್ಟೋ ಸುಲಭ, ಇಲ್ಲಿ ವೇಗ ಇಲ್ಲ, ಬಿದ್ದರೆ ಸುಡೋದಿಲ್ಲ.

ಕೆಲಸ ಮಾಡುತ್ತಾ? ಅಮೆರಿಕದಲ್ಲಿ ಒಂಬತ್ತು ಆಸ್ಪತ್ರೆಗಳಲ್ಲಿ ದೊಡ್ಡ ಪ್ರಯೋಗ ನಡೆಸಿ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸೋಂಕಿತ ರೋಗಿ ಖಾಲಿ ಮಾಡಿದ ಕೋಣೆಯನ್ನ ಮಾಮೂಲಿ ರಾಸಾಯನಿಕದಿಂದ ತೊಳೆದು, ಅದರ ಮೇಲೆ ಯುವಿ ಯಂತ್ರವನ್ನೂ ಇಟ್ಟಾಗ, ಅದೇ ಕೋಣೆಗೆ ಬಂದ ಮುಂದಿನ ರೋಗಿಗೆ ಆ ಕ್ರಿಮಿಗಳು ಅಂಟೋದು ಸುಮಾರು ಶೇಕಡ 30ರಷ್ಟು ಕಡಿಮೆ ಆಯಿತು. ಶೇಕಡ 30 ಸಣ್ಣದಲ್ಲ. ಆದರೆ ಆ ವಾಕ್ಯವನ್ನ ಇನ್ನೊಮ್ಮೆ ಕೇಳಿಸಿಕೊಳ್ಳಿ: ತೊಳೆದು, ಅದರ ಮೇಲೆ. ತೊಳೆಯದೆ ಅಲ್ಲ. ಬೆಳಕು ನೆರಳಿಗೆ ಹೋಗಲ್ಲ. ಮಂಚದ ಅಡಿ, ದಿಂಬಿನ ಮಡಿಕೆ, ಒಣಗಿದ ರಕ್ತದ ಕೆಳಗೆ ಅದರ ಆಟ ನಡೆಯಲ್ಲ. ದೂರ ಹೋದ ಹಾಗೆ ಬಲವೂ ಕುಗ್ಗುತ್ತೆ. ಧೂಳು ಕೂತ ಟ್ಯೂಬಂತೂ ಬರೀ ಅಲಂಕಾರ. ಚಳ್ಳಕೆರೆ ಕಡೆ ಬೇಸಿಗೆ ಗಾಳಿ ಎದ್ದರೆ ಎಷ್ಟು ಧೂಳು ಅಂತ ಅಲ್ಲಿಯವರನ್ನ ಕೇಳಿ.

ಬೆಲೆ? 2020ರಲ್ಲಿ ಬಿಬಿಸಿ ವರದಿ ಮಾಡಿದಾಗ ಆ ಡೆನ್ಮಾರ್ಕ್ ಯಂತ್ರಕ್ಕೆ 67,000 ಡಾಲರ್. ಆಗಿನ ಲೆಕ್ಕದಲ್ಲಿ ₹50 ಲಕ್ಷ. ಒಂದಕ್ಕೆ.

ಇನ್ನು ದಾರಿ. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯ ನೆಲ ಕನ್ನಡಿ. ತಾಲ್ಲೂಕು ಆಸ್ಪತ್ರೆಯ ಕಾರಿಡಾರ್ ಹೇಗಿರುತ್ತೆ ಹೇಳಿ? ಚಾಪೆ ಹಾಸಿ ಮಲಗಿದ ಸಂಬಂಧಿಕರು, ಬುತ್ತಿ ಗಂಟು, ಫ್ಲಾಸ್ಕು, ಚಪ್ಪಲಿ ರಾಶಿ, ಕಂಬಳಿ. ರೋಬೋಟು ಬಂದು ಒಬ್ಬ ಅಜ್ಜಿ ಮುಂದೆ ನಿಂತು ಇಂಗ್ಲಿಷಲ್ಲಿ ದಾರಿ ಬಿಡಿ ಅನ್ನುತ್ತೆ. ಅಜ್ಜಿ ಬಿಡಲ್ಲ. ಮೊಳಕಾಲ್ಮೂರಲ್ಲಾದರೆ ಅದಕ್ಕೆ ಕನ್ನಡದ ಜೊತೆ ತೆಲುಗೂ ಬರಬೇಕು, ಇಲ್ಲದಿದ್ದರೆ ಸಂಜೆವರೆಗೆ ಅಲ್ಲೇ ನಿಂತಿರುತ್ತೆ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಲೈನ್ ಫಾಲೋವರ್ ರೋಬೋಟು. ನೆಲಕ್ಕೆ ಕಪ್ಪು ಟೇಪು ಅಂಟಿಸಿದರೆ ಅದರ ಮೇಲೆ ಹೋಗೋದು. ಟ್ಯೂಬ್‌ಲೈಟ್ ಮಿಣುಕಿದರೆ ಸಾಕು, ಅದು ಗೋಡೆ ಕಡೆ ಹೊರಟುಬಿಡೋದು. ಈಗಿನ ಯಂತ್ರಗಳು ಅಷ್ಟು ಪಾಪದವಲ್ಲ, ಆದರೂ ಕರೆಂಟು, ರ‍್ಯಾಂಪು, ನೆಟ್‌ವರ್ಕು ಮೂರೂ ಬೇಕು. ಕೆಟ್ಟರೆ ರಿಪೇರಿ ಮಾಡೋರು ಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ರಿಪೇರಿ ಇಲ್ಲದೆ ಮೂಲೆಗೆ ನಿಂತ ಯಂತ್ರಗಳ ಮೇಲೆ ನಾವೇ ಎಷ್ಟು ಸ್ಟೋರಿ ಮಾಡಿಲ್ಲ?

ಹಾಗಾದರೆ ಬೇಡವೇ ಬೇಡ ಅಂತೀರಾ ಅಂದರೆ, ಇಲ್ಲ. ನನಗೆ ರೋಬೋಟು ಬೇಕು. ಆದರೆ ಎಲ್ಲಿಗೆ ಬೇಕು ಅನ್ನೋದನ್ನ ಟೆಂಡರ್ ಹಾಕೋರು ಅಲ್ಲ, ವಾರ್ಡಿನ ನರ್ಸು ಮತ್ತು ಆಯಾ ಹೇಳಬೇಕು.

ನನ್ನ ಪ್ರಕಾರ ಮೊದಲು ಬೇಕಾದ್ದು ಕಸದ ಗಾಡಿ. ಹೌದು, ಮುಖ ಇಲ್ಲದ, ಮಾತಾಡದ, ಮುಚ್ಚಳ ಇರುವ ಗಾಡಿ. ರಾತ್ರಿ ಹನ್ನೊಂದರ ಮೇಲೆ ಕಾರಿಡಾರ್ ಪಕ್ಕಕ್ಕೆ ನಿಧಾನವಾಗಿ ಹೋಗಿ ಹಳದಿ ಚೀಲ ಹೊತ್ತು ಹಿತ್ತಲಿಗೆ ಮುಟ್ಟಿಸಲಿ. ಕೇರಳದಲ್ಲಿ 2018ರಲ್ಲಿ ಜೆನ್‌ರೊಬೊಟಿಕ್ಸ್‌ನ ಯುವಕರು ಮ್ಯಾನ್‌ಹೋಲ್ ಸ್ವಚ್ಛ ಮಾಡೋ ಬ್ಯಾಂಡಿಕೂಟ್ ತಂದಾಗ, ಗುಂಡಿಗೆ ಇಳಿಯುತ್ತಿದ್ದ ಕಾರ್ಮಿಕರಿಗೇ ಅದನ್ನ ನಡೆಸೋಕೆ ಕಲಿಸಿದರು. ಇಲ್ಲೂ ಹಾಗೇ ಆಗಲಿ. ಬಕೆಟ್ ಹಿಡಿದಿದ್ದ ಕೈಗೆ ರಿಮೋಟ್ ಕೊಡಿ, ಮನೆಗೆ ಕಳಿಸಬೇಡಿ. ಯಂತ್ರ ಬಂತು ಅಂತ ನಾಲ್ಕು ಜನ ಆಯಾಗಳ ಕೆಲಸ ತೆಗೆದರೆ, ನಾನು ಇದೇ ಕುರ್ಚಿಯಲ್ಲಿ ಕೂತು ಅದರ ವಿರುದ್ಧವೂ ಮಾತಾಡುತ್ತೇನೆ.

ಆಮೇಲೆ ಚಕ್ರದ ಮೇಲಿನ ವಿಡಿಯೋ. ಇದಕ್ಕೆ ದೊಡ್ಡ ಹೆಸರಿಟ್ಟು ಮಾರುತ್ತಾರೆ, ನಿಜಕ್ಕೂ ಅದು ಸ್ಟ್ಯಾಂಡಿನ ಮೇಲೆ ಕೂತ ಒಂದು ಟ್ಯಾಬ್ಲೆಟ್ಟು. ಕ್ಷಯ ರೋಗ ತಗೊಳ್ಳಿ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ. ಮೊಳಕಾಲ್ಮೂರಿನ ಒಬ್ಬ ನೇಕಾರರು ಕೆಮ್ಮುತ್ತಾ ಬಸ್ ಹತ್ತಿ, ಕಿಟಕಿ ಮುಚ್ಚಿದ ಬಸ್ಸಲ್ಲಿ ಬಳ್ಳಾರಿಗೆ ಹೋಗಿ, ಹೊರರೋಗಿ ಸಾಲಿನಲ್ಲಿ ಮೂರು ಗಂಟೆ ನಿಂತು, ತಜ್ಞರಿಗೆ ಎರಡು ನಿಮಿಷ ತೋರಿಸಿ ವಾಪಸ್ ಬರುತ್ತಾರೆ. ಆ ಎರಡು ನಿಮಿಷ ಊರಲ್ಲೇ ವಿಡಿಯೋದಲ್ಲಿ ಆದರೆ ಆ ಬಸ್ಸಿನವರಿಗೂ ಕ್ಷೇಮ, ಅವರಿಗೂ ಒಂದು ದಿನದ ಕೂಲಿ ಉಳಿಯುತ್ತೆ.

ಯುವಿ ಬೆಳಕು ಬೇಕೇ ಬೇಕು ಅಂದರೆ ಅದಕ್ಕೂ ಚಕ್ರ ಕಡ್ಡಾಯ ಅಲ್ಲ. ಕ್ಷಯದ ವಾರ್ಡಿನ ಗೋಡೆಯ ಮೇಲ್ಭಾಗದಲ್ಲಿ, ಜನರ ತಲೆಗಿಂತ ಎತ್ತರದಲ್ಲಿ ಯುವಿ ದೀಪ ಕೂರಿಸಿ ಮೇಲಿನ ಗಾಳಿಯನ್ನ ಶುದ್ಧ ಮಾಡೋ ಪದ್ಧತಿ ಹಳೇದು. ಅದನ್ನ ವಿಶ್ವ ಆರೋಗ್ಯ ಸಂಸ್ಥೆಯೂ ಸೂಚಿಸುತ್ತೆ. ಇನ್ನೂ ಅಗ್ಗದ್ದು ಕಿಟಕಿ. ಪೆರು ದೇಶದ ಲಿಮಾದಲ್ಲಿ ಎಂಟು ಆಸ್ಪತ್ರೆಗಳನ್ನ ಅಳೆದು 2007ರಲ್ಲಿ ಬರೆದರು: ಎತ್ತರದ ಸೂರು, ದೊಡ್ಡ ಕಿಟಕಿಯ ಹಳೇ ಕಾಲದ ವಾರ್ಡುಗಳಲ್ಲಿ ಕಿಟಕಿ ತೆಗೆದರೆ, ಯಂತ್ರದ ಗಾಳಿ ಇರುವ ಹೊಸ ಕೋಣೆಗಳಿಗಿಂತ ಸೋಂಕಿನ ಅಪಾಯ ಕಡಿಮೆ. ನಮ್ಮ ಹಳೇ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಕಿಟಕಿ ಇವೆ. ಅದರ ಮುಂದೆ ಬೀರು ಇಟ್ಟಿದ್ದೇವೆ.

ಇಲ್ಲಿ ಒಂದು ಕಹಿ ಮಾತು ಹೇಳಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಐವರು. ಸರ್ಕಾರವೇ ಐವಿ ದ್ರಾವಣದ ಮೇಲೆ ಅನುಮಾನ ಪಟ್ಟು ಅದರ ಬಳಕೆ ನಿಲ್ಲಿಸಿತು. ಅದಕ್ಕೂ ಹಿಂದಿನ ವರ್ಷ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಯಾವ ರೋಬೋಟು ಬಂದಿದ್ದರೂ ಆ ಬಾಟಲಿ ಪರೀಕ್ಷೆ ಮಾಡುತ್ತಿರಲಿಲ್ಲ, ಆ ಪೈಪು ನೋಡುತ್ತಿರಲಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್ವೈಸ್ ಎಂಬ ವೈದ್ಯ, ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಬೇಡಿ, ಕ್ಲೋರಿನ್ ನೀರಲ್ಲಿ ಕೈ ತೊಳೆಯಿರಿ ಅಂದ. ಏಪ್ರಿಲಿನಲ್ಲಿ ನೂರಕ್ಕೆ 18 ಬಾಣಂತಿಯರು ಸಾಯುತ್ತಿದ್ದ ವಾರ್ಡಿನಲ್ಲಿ ಜೂನ್ ಹೊತ್ತಿಗೆ 2 ಆಯಿತು. ಒಂದು ಬೋಗುಣಿ, ಕ್ಲೋರಿನ್ ನೀರು. ಕರೆಂಟು ಇರಲಿಲ್ಲ ಆಗ.

ಅದಕ್ಕೇ ಹೇಳೋದು, ₹50 ಲಕ್ಷದ ಯಂತ್ರ ತರೋ ಮೊದಲು ಎರಡನೇ ಬಟ್ಟೆ ತನ್ನಿ.

ಮತ್ತೆ ಚಳ್ಳಕೆರೆಗೆ ಬರುತ್ತೇನೆ. ವರವು ಕಾವಲಿನಲ್ಲಿ ಡಿಆರ್‌ಡಿಒಗೆ 4,290 ಎಕರೆ, ಉಳ್ಳಾರ್ತಿ, ಕುದಾಪುರದ ಕಡೆ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಬೇರೆ. ಅಮೃತಮಹಲ್ ಕಾವಲು ಅದು, ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಕುರಿಗಾಹಿಗಳು, ಕಂಬಳಿ ನೇಯೋರು ಹಸಿರು ನ್ಯಾಯಮಂಡಳಿವರೆಗೆ ಹೋದರು. ಬೇಲಿ ಬಂತು. ದೇಶಕ್ಕೆ ಬೇಕು ಅಂತ ಜಾಗ ಕೊಟ್ಟವರು ಇವರು. 2020ರಲ್ಲಿ ಕೋವಿಡ್ ಬಂದಾಗ ರಾಜ್ಯದ ಆರೋಗ್ಯ ಸಚಿವರಾಗಿದ್ದ ಬಿ. ಶ್ರೀರಾಮುಲು ಮೊಳಕಾಲ್ಮೂರಿನ ಶಾಸಕರೇ. ವಿಜ್ಞಾನವೂ ಪಕ್ಕದಲ್ಲಿತ್ತು, ಅಧಿಕಾರವೂ ಪಕ್ಕದಲ್ಲಿತ್ತು.

ಕುದಾಪುರದ ಕ್ಯಾಂಪಸ್ಸಿನಲ್ಲಿ ಶಿಕ್ಷಕರಿಗೆ ವಿಜ್ಞಾನ ತರಬೇತಿ ಕೊಡುತ್ತಾರೆ, ಒಳ್ಳೇ ಕೆಲಸ. ಅಲ್ಲಿನ ಎಂಜಿನಿಯರುಗಳಿಗೆ ನನ್ನದೊಂದು ಕೋರಿಕೆ. ನಿಮ್ಮ ಗೇಟಿನಿಂದ ಚಳ್ಳಕೆರೆ ಆಸ್ಪತ್ರೆ ದೂರ ಇಲ್ಲ. ಒಂದು ರಾತ್ರಿ ಹೋಗಿ ಕಾರಿಡಾರಿನಲ್ಲಿ ಕೂತು ನೋಡಿ. ಆ ಚಾಪೆ, ಆ ಧೂಳು, ಆ ಕರೆಂಟಿನ ನಡುವೆ ಓಡೋ, ಊರಿನ ಐಟಿಐ ಹುಡುಗ ರಿಪೇರಿ ಮಾಡಬಲ್ಲ, ಎರಡು ಭಾಷೆ ಮಾತಾಡೋ ಒಂದು ಕಸದ ಗಾಡಿ ಮಾಡಿಕೊಡಿ. ಪುಷ್ಪಕ್ ಇಳಿಸಿದ ಊರಿಗೆ ಇದು ಅಸಾಧ್ಯ ಅಂತ ಯಾರಾದರೂ ಹೇಳಿದರೆ ನಾನು ನಂಬಲ್ಲ.

ಆರೋಗ್ಯ ಇಲಾಖೆಗೆ ಮೂರೇ ಪ್ರಶ್ನೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ಆಸ್ಪತ್ರೆಗಳಲ್ಲಿ ಇವತ್ತು ರಾತ್ರಿ ಎರಡು ಗಂಟೆಗೆ ಹೆರಿಗೆ ವಾರ್ಡಿನ ನಲ್ಲಿ ತಿರುಗಿಸಿದರೆ ನೀರು ಬರುತ್ತಾ? ಆಯಾಗಳ ಕೈಯಲ್ಲಿ ಗ್ಲೌಸು ಇದೆಯಾ? ಕಳೆದ ಒಂದು ವರ್ಷದಲ್ಲಿ ಆಪರೇಷನ್ ಆದವರಲ್ಲಿ ಎಷ್ಟು ಜನಕ್ಕೆ ಹೊಲಿಗೆ ಕೀವಾಯಿತು, ಆ ಲೆಕ್ಕ ಯಾರ ಹತ್ತಿರ ಇದೆ? ಉತ್ತರ ಬಂದರೆ ನಾಳೆ ಇದೇ ಹೊತ್ತಿಗೆ ಓದುತ್ತೇನೆ. ಬರದಿದ್ದರೆ ಬರಲಿಲ್ಲ ಅಂತಲೂ ಓದುತ್ತೇನೆ.